ತಟ್ಟೆಯಲ್ಲಿ ಯಾವುದು ಎಷ್ಟು?



ತೂಕ ಇಳಿಸಬೇಕೆನ್ನುವವರಿಗೆ ಸಸ್ಯಾಧಾರಿತ ಆಹಾರ ಮತ್ತು ಒಳ್ಳೆಯ ರೂಢಿಗಳು ಎಂಬ ವಿಷಯವನ್ನು ಅರಸೀಕೆರೆಯಲ್ಲಿ ಕೂತು ಚರ್ಚಿಸುವುದಕ್ಕೆ ಒಂದು ಅನುಕೂಲವಿದೆ. ಇಲ್ಲಿ ಓಟ್ಸು, ಕಿನೋವಾ, ಬಾದಾಮಿ ಹಾಲಿನ ಮಾತಾಡಿದರೆ ಯಾರೂ ಒಪ್ಪುವುದಿಲ್ಲ. ರಾಗಿ, ಹುರುಳಿ, ಅವರೆ, ಅಲಸಂದೆ, ನುಗ್ಗೆಸೊಪ್ಪು, ತೆಂಗಿನಕಾಯಿ, ಬೇಲೂರಿನ ಆಚೆಗೆ ಅಕ್ಕಿ, ಕಾಫಿ: ನಮ್ಮ ಚರ್ಚೆ ಇಷ್ಟರೊಳಗೇ ನಡೆಯಬೇಕು. ಇಷ್ಟು ಸಾಕು ಎಂಬುದೇ ನನ್ನ ನಂಬಿಕೆ. ಇಷ್ಟಿದ್ದೂ ನಮ್ಮ ಸೊಂಟದ ಸುತ್ತಳತೆ ಯಾಕೆ ಹೆಚ್ಚುತ್ತಿದೆ ಎಂಬ ಪ್ರಶ್ನೆಯಿಂದ ಈ ಸಂಕಿರಣ ಶುರುವಾಗಲಿ.

2025ರ ಮೇ, ಜೂನ್ ತಿಂಗಳುಗಳನ್ನು ಈ ಜಿಲ್ಲೆಯವರು ಮರೆಯುವಂತಿಲ್ಲ. ಸುಮಾರು ನಲವತ್ತು ದಿನಗಳಲ್ಲಿ ಹಾಸನ ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಅವರಲ್ಲಿ ಹರೆಯದವರೂ ಇದ್ದರು. ಭಯಪಟ್ಟ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವಕ್ಕೇ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ರಚಿಸಿದ ಸಮಿತಿಗೆ ಯಾವ ನಿಗೂಢ ಕಾರಣವೂ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಕಾರಣಗಳೇ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಬೀಡಿ ಸಿಗರೇಟು, ಮದ್ಯ. ತೀರಿಕೊಂಡವರಲ್ಲಿ ಆಟೊ, ಕ್ಯಾಬ್ ಓಡಿಸುವವರ ಸಂಖ್ಯೆ ಗಮನ ಸೆಳೆಯುವಷ್ಟಿತ್ತು. ಹೊತ್ತಿಗೆ ಊಟವಿಲ್ಲದೆ, ಇಡೀ ದಿನ ಸೀಟಿನ ಮೇಲೆ ಕೂತು, ಬೋಂಡ ಟೀಯಲ್ಲಿ ಹಸಿವು ತೀರಿಸಿಕೊಳ್ಳುವ ಬದುಕು ಅವರದು. ಆ ಮನೆಗಳ ದುಃಖವನ್ನು ನೆನೆದೇ ನಾನು ಇವತ್ತು ಮಾತಾಡುತ್ತಿದ್ದೇನೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ 30 ಮಂದಿಯ ತೂಕ ಅತಿಯಾಗಿತ್ತು. ಗಂಡಸರಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದರ ಹಿಂದಿನ ಸುತ್ತಿನಲ್ಲಿ ಈ ಸಂಖ್ಯೆ 23ರ ಆಸುಪಾಸಿನಲ್ಲಿತ್ತು. ನಮ್ಮ ದೇಶದವರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಮೊದಲು ಕೂರುವುದರಿಂದ ತಕ್ಕಡಿಗಿಂತ ಟೇಪು ಹೆಚ್ಚು ನಿಜ ಹೇಳುತ್ತದೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ವಹಿಸಬೇಕು. ದರ್ಜಿಯ ಟೇಪು ಪ್ರತಿ ಅಂಗನವಾಡಿಯಲ್ಲೂ ಇರಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೊಪ್ಪು ತರಕಾರಿ ತಿಂದರೆ ತೂಕ ಇಳಿಯುತ್ತದೆ ಎಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ, ಏಕೆಂದರೆ ನಾವು ಆಗಲೇ ಬಹುಪಾಲು ಸಸ್ಯವನ್ನೇ ತಿನ್ನುತ್ತಿದ್ದೇವೆ. ಬಿಳಿ ಅನ್ನ ಸಸ್ಯ, ಸಕ್ಕರೆ ಸಸ್ಯ, ಮೈದಾ ಸಸ್ಯ, ಬೋಂಡ ಕರಿಯುವ ಎಣ್ಣೆಯೂ ಸಸ್ಯದ್ದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನದ 2025ರ ವರದಿಯ ಪ್ರಕಾರ ನಮ್ಮವರ ಊಟದ ಶಕ್ತಿಯಲ್ಲಿ ಶೇ. 62ರಷ್ಟು ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ. ಮಾಂಸ ಮುಟ್ಟದ ಮನೆಯಲ್ಲೂ ಸಕ್ಕರೆ ಕಾಯಿಲೆ ಬರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ತಟ್ಟೆಯಲ್ಲಿ ಸಸ್ಯವಿದೆಯೇ ಎಂದು ಕೇಳಿದರೆ ಸಾಲದು. ಧಾನ್ಯ ಎಷ್ಟು, ಕಾಳು ಎಷ್ಟು, ಸೊಪ್ಪು ಎಷ್ಟು ಎಂದು ಕೇಳಬೇಕು.

ಈ ಲೆಕ್ಕ ನಮ್ಮ ಹೊಲದಲ್ಲೇ ಇತ್ತು. ಕಣಕಟ್ಟೆ, ಬಾಣಾವರ, ಜಾವಗಲ್ಲು ಕಡೆಯ ಬೆದ್ದಲು ಹೊಲದಲ್ಲಿ ಹಿರಿಯರು ಬರೀ ರಾಗಿ ಬಿತ್ತುತ್ತಿರಲಿಲ್ಲ. ಏಳೆಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು; ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೊತೆಗೆ ಸಾಸಿವೆ, ಹುಚ್ಚೆಳ್ಳು. ಮಳೆ ಕೈಕೊಟ್ಟರೆ ಹಿಂಗಾರಿಗೆ ಹುರುಳಿ. ಕಳೆ ಕೀಳಲು ಹೋದ ಹೆಂಗಸರು ಅಣ್ಣೆಸೊಪ್ಪು, ಕಿರಕಸಾಲೆ, ಗಣಿಕೆಸೊಪ್ಪನ್ನು ಮಡಿಲು ತುಂಬಿಕೊಂಡು ಬಂದರೆ ಸಂಜೆಯ ಸಾರು ಸಿದ್ಧ. ಒಂದೇ ಹೊಲ ಧಾನ್ಯ, ಕಾಳು, ಸೊಪ್ಪು, ಎಣ್ಣೆಕಾಳು ನಾಲ್ಕನ್ನೂ ಕೊಡುತ್ತಿತ್ತು.

ಆಮೇಲೆ ಏನಾಯಿತು ನೋಡಿ. ‘ರಾಗಿ ಲಕ್ಷ್ಮಣಯ್ಯ’ ಎಂದು ನಾಡು ಪ್ರೀತಿಯಿಂದ ಕರೆದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ಹಸಿವು ಇಳಿಯಿತು. ಆ ಋಣ ದೊಡ್ಡದು. ಆದರೆ ಅಕ್ಕಡಿ ಸಾಲಿನ ಕಾಳಿಗೆ ಅಂಥ ಆಸರೆ ಸಿಗಲಿಲ್ಲ. ಯಂತ್ರದ ಕೊಯ್ಲಿಗೆ ಅಕ್ಕಡಿ ಅಡ್ಡಿಯಾಯಿತು, ಕಳೆನಾಶಕ ಬಂದು ಹೊಲದ ಸೊಪ್ಪು ಹೋಯಿತು, ಎಷ್ಟೋ ಹೊಲಗಳು ತೆಂಗಿನ ತೋಟವಾದವು. ಪಡಿತರದಲ್ಲಿ ಅಕ್ಕಿ, ರಾಗಿ ಪುಕ್ಕಟೆ ಸಿಗುವ ಹೊತ್ತಿಗೆ ಕಾಳನ್ನು ಸಂತೆಯಲ್ಲಿ ದುಡ್ಡು ಕೊಟ್ಟು ತರಬೇಕಾಯಿತು. ಬಡವರ ತಟ್ಟೆಯಲ್ಲಿ ಧಾನ್ಯ ಬೆಳೆದು ಕಾಳು ಕುಗ್ಗಿದ್ದಕ್ಕೆ ಅವರ ಅಜ್ಞಾನ ಕಾರಣವೆಂದು ಹೇಳುವುದು ಅನ್ಯಾಯ. ಹೊಲ, ಸಂತೆ, ಪಡಿತರ ಮೂರೂ ಸೇರಿ ಆ ತಟ್ಟೆಯನ್ನು ಹಾಗೆ ಮಾಡಿವೆ.

ರಾಗಿಯ ಬಗ್ಗೆಯೂ ನಿಜ ಹೇಳಬೇಕು. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ನಂತರ ರಾಗಿ ತಿಂದರೆ ತೂಕ ತಾನಾಗಿಯೇ ಇಳಿಯುತ್ತದೆ ಎಂಬ ಮಾತು ಎಲ್ಲೆಡೆ ಹಬ್ಬಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355. ಅಂತರ ಅಷ್ಟೇ. ರಾಗಿಯ ಹಿರಿಮೆ ಬೇರೆ ಕಡೆ ಇದೆ: ನಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ, ಸುಣ್ಣದಂಶ 360 ಮಿಲಿಗ್ರಾಂ, ಅಕ್ಕಿಯಲ್ಲಿ ಅದು ಲೆಕ್ಕಕ್ಕೇ ಸಿಗದು. ಹಾಗೆಂದು ನುಣ್ಣಗೆ ಬೀಸಿ, ಜರಡಿ ಹಿಡಿದು, ದೊಡ್ಡ ಮುದ್ದೆ ಕಟ್ಟಿ ನುಂಗಿದರೆ ರಕ್ತದಲ್ಲಿ ಸಕ್ಕರೆ ಏರಿಯೇ ಏರುತ್ತದೆ. ನೇಗಿಲು ಹಿಡಿದು ದಿನವಿಡೀ ಉಳುತ್ತಿದ್ದ ತಾತನ ಮುದ್ದೆಯ ಗಾತ್ರವನ್ನೇ ಬೈಕಿನಲ್ಲಿ ಓಡಾಡುವ ಮೊಮ್ಮಗನೂ ಉಳಿಸಿಕೊಂಡಿದ್ದಾನೆ. ಮುದ್ದೆ ಬಿಡಬೇಕಾಗಿಲ್ಲ, ಚಿಕ್ಕದಾಗಬೇಕು. ಚಿಕ್ಕದಾದಾಗ ಖಾಲಿ ಉಳಿಯುವ ಜಾಗಕ್ಕೆ ಏನು ಬರಬೇಕು?

ಬಸ್ಸಾರಿನ ಪಲ್ಯ ಬರಬೇಕು. ಬಸ್ಸಾರನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಅಲಸಂದೆ ಅಥವಾ ಮೊಳಕೆ ಹುರುಳಿಯನ್ನು ಬೇಯಲು ಇಟ್ಟು, ಅರೆಬೆಂದಾಗ ಬೆರಕೆ ಸೊಪ್ಪು ಹಾಕಿ, ಬೆಂದ ಮೇಲೆ ಕಟ್ಟು ಬಸಿಯುತ್ತಾರೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸ್ವಲ್ಪ ಕಾಯಿ, ಒಂದು ಹಿಡಿ ಬೆಂದ ಕಾಳು ರುಬ್ಬಿ ಆ ಕಟ್ಟಿಗೆ ಸೇರಿಸಿದರೆ ಸಾರು. ಬಸಿದುಳಿದ ಕಾಳುಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಪಲ್ಯ. ನೀರಿಗೆ ಇಳಿದ ಸಾರ ವ್ಯರ್ಥವಾಗುವುದಿಲ್ಲ, ಎಣ್ಣೆ ಹೆಚ್ಚು ಬೇಡ, ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಪಾಲು ಪ್ರೋಟೀನು. ಕಾಳಿನ ಪ್ರೋಟೀನು ಮತ್ತು ಸೊಪ್ಪಿನ ನಾರು ಸೇರಿದಾಗ ಹೊಟ್ಟೆ ಬೇಗ ತುಂಬಿ, ಹಸಿವು ತಡವಾಗಿ ಬರುತ್ತದೆ. ತೂಕ ಇಳಿಸುವವರಿಗೆ ಬೇಕಾದ್ದು ಇದೇ ಅಲ್ಲವೇ? ಆದರೆ ಇವತ್ತು ಆ ಪಲ್ಯ ತಟ್ಟೆಯ ಅಂಚಿಗೆ ಒಂದು ಚಮಚ ಬಂದು ಕೂತಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಎರಡು ಸಾವಿರ ಕ್ಯಾಲೊರಿಯ ದಿನಕ್ಕೆ ಧಾನ್ಯ 250 ಗ್ರಾಂ, ಕಾಳು ಬೇಳೆ 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ ಎಂದಿದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು. ಅರ್ಧ ತಟ್ಟೆ ಸೊಪ್ಪು, ತರಕಾರಿ, ಹಣ್ಣು. ತೂಕ ಇಳಿಸುವವರು ಧಾನ್ಯವನ್ನು ಇದಕ್ಕಿಂತಲೂ ಇಳಿಸಬೇಕಾದೀತು, ಕಾಳನ್ನು ಇಳಿಸಬಾರದು.

ಇದು ಬರೀ ಅಭಿಮಾನದ ಮಾತಲ್ಲ. ನ್ಯೂಜಿಲೆಂಡಿನ ಗಿಸ್ಬರ್ನ್ ಎಂಬ ಊರಿನಲ್ಲಿ 65 ಮಂದಿಯ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೆಚ್ಚು ಎಣ್ಣೆಯಿಲ್ಲದ ಇಡಿಯ ಕಾಳು, ಧಾನ್ಯ, ತರಕಾರಿ, ಹಣ್ಣುಗಳ ಊಟ ಮಾಡಿದವರು ಆರು ತಿಂಗಳಲ್ಲಿ ಸರಾಸರಿ 12 ಕೆ.ಜಿ. ಇಳಿದರು. ಅವರಿಗೆ ಯಾರೂ ಹೊಟ್ಟೆ ಕಟ್ಟಿ ಎಂದಿರಲಿಲ್ಲ, ಬೇಕಾದಷ್ಟು ತಿನ್ನಿ ಎಂದಿದ್ದರು. ಅವರ ಅಡುಗೆಯ ಸ್ವಭಾವ ನಮ್ಮ ಬಸ್ಸಾರಿಗೆ ಹತ್ತಿರ, ನಮ್ಮ ಬೇಕರಿಗೆ ದೂರ.

ಬೇಲೂರಿನ ಕಡೆ ಲೆಕ್ಕ ಸ್ವಲ್ಪ ಬೇರೆ. ಅರೇಹಳ್ಳಿ, ಬಿಕ್ಕೋಡಿನ ಕಾಫಿ ಸೀಮೆಯಲ್ಲಿ ಅಕ್ಕಿ ರೊಟ್ಟಿ, ಕಡುಬು ದಿನದ ಊಟ. ಮಳೆಗಾಲದ ಕಳಲೆ, ಕೆಸುವಿನ ಸೊಪ್ಪು, ಹಲಸಿನ ಬೀಜ ಅದರ ಜೊತೆ ಹೆಚ್ಚಬೇಕು. ಸಕ್ಕರೆ ಹಾಕಿದ ಕಾಫಿ ದಿನಕ್ಕೆ ಐದಾರು ಲೋಟವಾದರೆ ಆ ಸಕ್ಕರೆಯನ್ನೂ ಊಟದಲ್ಲೇ ಎಣಿಸಬೇಕು. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಡಿ, ಸೊಪ್ಪಿಗೆ ನಿಂಬೆ ಹಿಂಡಿ.

ಉಣ್ಣುವ ಹೊತ್ತಿನ ಬಗ್ಗೆಯೂ ಒಂದು ಮಾತು. ಹಳೇಬೀಡಿನ ಬಸ್ತಿಹಳ್ಳಿಯ ಬಸದಿಗಳನ್ನು ಕಟ್ಟಿಸಿದ ಜೈನ ಸಮುದಾಯ ಸೂರ್ಯ ಮುಳುಗುವ ಮುಂಚೆ ಉಣ್ಣುವ ವ್ರತವನ್ನು ಇಂದಿಗೂ ಪಾಲಿಸುತ್ತದೆ. ಅದರ ಮೂಲ ಅಹಿಂಸೆ, ತೂಕವಲ್ಲ. ಆದರೂ ರಾತ್ರಿ ಹತ್ತಕ್ಕೆ ಟಿವಿ ಮುಂದೆ ಉಂಡು ಮಲಗುವವರು ಅದರಿಂದ ಕಲಿಯುವುದಿದೆ. ಹೊತ್ತು ಬದಲಿಸಿದ ಮಾತ್ರಕ್ಕೆ ಪವಾಡವಾಗದು. ಚೀನಾದ ಗುವಾಂಗ್‌ಝೌನಲ್ಲಿ 139 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಊಟದ ಪ್ರಮಾಣ ಒಂದೇ ಆಗಿದ್ದಾಗ, ನಿಗದಿತ ಹೊತ್ತಿನೊಳಗೇ ಉಂಡವರು ಉಳಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಬೇಗ ಉಂಡರೆ ಊಟದ ನಂತರದ ಮಿಕ್ಸ್ಚರು, ಬಿಸ್ಕತ್ತು ತಪ್ಪುತ್ತವೆ; ಲಾಭ ಅಲ್ಲಿದೆ.

ಅರಸೀಕೆರೆಯಲ್ಲಿ ನಿಂತು ಕೊಬ್ಬರಿಯ ಮಾತು ತಪ್ಪಿಸಲಾಗದು. ಈ ಊರಿನ ಮಾರುಕಟ್ಟೆ ಉಂಡೆ ಕೊಬ್ಬರಿಯಿಂದ ನಡೆಯುತ್ತದೆ, ಸಾವಿರಾರು ಮನೆಗಳ ಒಲೆ ಅದರಿಂದ ಉರಿಯುತ್ತದೆ. ತೆಂಗನ್ನು ವಿಷವೆನ್ನುವವರ ಮಾತೂ ಅಮೃತವೆನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಒಣ ಕೊಬ್ಬರಿಯಲ್ಲಿ ನೂರಕ್ಕೆ ಅರುವತ್ತಕ್ಕೂ ಹೆಚ್ಚು ಪಾಲು ಕೊಬ್ಬು. ಅದರ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು. ಸಾರಿಗೆ ರುಬ್ಬುವ ಎರಡು ಚಮಚ ಹಸಿಕಾಯಿ ಯಾರಿಗೂ ಹೊರೆಯಲ್ಲ. ಕೊಬ್ಬರಿ ಬೆಲ್ಲ ಮೆಲ್ಲುತ್ತ ಕೂರುವುದು, ಪಾತ್ರೆ ತುಂಬ ಕಾಯಿ ಚಟ್ನಿ ಬಳಸುವುದು ತೂಕ ಇಳಿಸುವವರಿಗೆ ಆಗದು.

ಎಚ್ಚರಿಕೆಯ ಮಾತುಗಳೂ ಇವೆ. ಆಗಲೇ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಸೊಂಟ ದಪ್ಪವಾಗಿರುವ ಹೆಂಗಸಿನ ರಕ್ತವೂ ಕಡಿಮೆಯಿರಬಹುದು. ಅವರಿಗೆ ಉಪವಾಸ ಹೇಳಬೇಡಿ. ಗರ್ಭಿಣಿ, ಬಾಣಂತಿಯರಿಗೆ ತೂಕ ಇಳಿಸುವ ಮಾತೇ ಬೇಡ. ಹಾಲು, ಮೊಸರು, ಮೊಟ್ಟೆ ಎಲ್ಲವನ್ನೂ ಬಿಟ್ಟವರಿಗೆ ಬಿ-12 ಯಾವ ಸೊಪ್ಪಿನಿಂದಲೂ ಬರುವುದಿಲ್ಲ, ಮಾತ್ರೆ ಬೇಕೇ ಬೇಕು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಊಟ ಇಳಿಸಿದರೆ ಸಕ್ಕರೆ ಕುಸಿದು ಅಪಾಯವಾದೀತು. ತಿಂಗಳಿಗೆ ಒಂದೂವರೆ ಎರಡು ಕೆ.ಜಿ. ಇಳಿದರೆ ಸಾಕು. 2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ತೂಕದ ಚುಚ್ಚುಮದ್ದುಗಳಿಂದ ಕೆಲವರಿಗೆ ನಿಜವಾಗಿ ಉಪಕಾರವಾಗುತ್ತದೆ. ಅವು ಯಾರಿಗೆ ಬೇಕೆಂಬುದನ್ನು ವೈದ್ಯರು ತೀರ್ಮಾನಿಸಲಿ, ಜಾಹೀರಾತು ತೀರ್ಮಾನಿಸುವುದು ಬೇಡ.

ನಡಿಗೆಯ ವಿಷಯದಲ್ಲಿ ಹೆಂಗಸರ ಕಷ್ಟವನ್ನು ಯಾರೂ ಹೇಳುವುದಿಲ್ಲ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಎನ್ನುವುದು ಸುಲಭ. ಹಳ್ಳಿಯಲ್ಲಿ ಹೆಂಗಸೊಬ್ಬಳು ಸಂಜೆ ಸುಮ್ಮನೆ ರಸ್ತೆಗಿಳಿದರೆ “ಏನವ್ವ, ಎತ್ಲಾಗೆ ಹೊರಟೆ?” ಎಂದು ನಾಲ್ಕು ಜಗಲಿಗಳು ಕೇಳುತ್ತವೆ. ಉತ್ತರ ಹೇಳಲು ಸಂಕೋಚಪಟ್ಟು ಅವಳು ಮರುದಿನ ಹೊರಡುವುದಿಲ್ಲ. ಸ್ವಸಹಾಯ ಸಂಘದ ಹತ್ತು ಜನ ಒಟ್ಟಿಗೆ ಹೊರಟರೆ ಯಾರೂ ಕೇಳುವುದಿಲ್ಲ. ಮಾಲೇಕಲ್ಲು ತಿರುಪತಿಯ ಮೆಟ್ಟಿಲು ಹತ್ತುವಾಗ, ಜೇನುಕಲ್ಲು ಸಿದ್ದೇಶ್ವರನ ಬೆಟ್ಟಕ್ಕೆ ಹುಣ್ಣಿಮೆಗೆ ಹೋಗುವಾಗ ಸಂಕೋಚವಿರುವುದಿಲ್ಲ; ಅಲ್ಲಿ ಜೊತೆಯಿರುತ್ತದೆ. ಆ ಜೊತೆಯನ್ನು ದಿನವೂ ಒದಗಿಸುವ ಬಗೆ ಹೇಗೆ ಎಂದು ಇಲ್ಲಿ ಯೋಚಿಸಿ. ಮತ್ತೊಂದು ಮಾತು: ದಪ್ಪಗಿರುವವರನ್ನು ಆಡಿಕೊಂಡು ಯಾರ ತೂಕವೂ ಇಳಿದಿಲ್ಲ. ನಮ್ಮ ಯಾವ ಗೋಷ್ಠಿಯಲ್ಲೂ, ಯಾವ ಆರೋಗ್ಯ ಶಿಬಿರದಲ್ಲೂ ಅದು ನಡೆಯಕೂಡದು.

ಈ ಸಂಕಿರಣದಿಂದ ನಾನು ಬಯಸುವುದು ಮೂರು. ಕೃಷಿ ಗೋಷ್ಠಿಯವರು ಅಕ್ಕಡಿ ಸಾಲನ್ನು ಯಂತ್ರದ ಕೊಯ್ಲಿಗೆ ಒಗ್ಗಿಸುವ ದಾರಿ ಹುಡುಕಿ. ಆಹಾರ ವಿಜ್ಞಾನದವರು ಅರಸೀಕೆರೆಯ ಬೆದ್ದಲಿಗೊಂದು, ಬೇಲೂರಿನ ಮಲೆನಾಡಿಗೊಂದು ದಿನದ ಊಟದ ಪಟ್ಟಿ ಬರೆಯಿರಿ. ಗ್ರಾಮಿನ ಜೊತೆಗೆ ಸೌಟು, ಬಟ್ಟಲು, ಮುದ್ದೆಯ ಗಾತ್ರದಲ್ಲೂ ಅಳತೆ ಇರಲಿ. ಮೂರನೆಯದು ಸರ್ಕಾರಕ್ಕೆ ಸಂಬಂಧಿಸಿದ್ದು. ಪಡಿತರದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಆಹಾರ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಬೇಳೆ ಕೊಡುವ ವಿಚಾರ ಬಹಳ ಒಳ್ಳೆಯದು. ಸಕ್ಕರೆಯ ಜಾಗದಲ್ಲಿ ಇಲ್ಲಿನ ರೈತರಿಂದಲೇ ಕೊಂಡ ಹುರುಳಿ ಅಥವಾ ಅಲಸಂದೆ ಕೊಡಿ ಎಂದು ಈ ಸಭೆ ನಿರ್ಣಯ ಮಾಡಲಿ. ನಾಳೆ ಸಮಾರೋಪಕ್ಕೆ ಬರುವ ಜನಪ್ರತಿನಿಧಿಗಳ ಕೈಗೆ ಆ ನಿರ್ಣಯವನ್ನು ಬರಹದಲ್ಲಿ ಕೊಡಬೇಕೆಂದು ಸಂಘಟಕರನ್ನು ವಿನಂತಿಸುತ್ತೇನೆ.