ಫೋಟೊ–ವಿಡಿಯೊ ಕೆಲಸಕ್ಕೆ ಗಣಕಯಂತ್ರ: ಬಿಡಿಭಾಗಗಳ ಆಯ್ಕೆ ಹೇಗೆ?

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಸಂಸ್ಥೆಯ ಹಿರಿಯರೇ, ಶಿಕ್ಷಕ ಬಂಧುಗಳೇ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಬಂದಿರುವ ವಿದ್ಯಾರ್ಥಿ ವಿದ್ಯಾರ್ಥಿನಿಯರೇ,

ನಮ್ಮ ಕಡೆ ಕ್ಯಾಮೆರಾ ಹಿಡಿದವನಿಗೆ ಕೆಲಸಕ್ಕೆ ಬರ ಇಲ್ಲ. ಆಳಂದದಲ್ಲಿ ಲಾಡ್ಲೆ ಮಶಾಯಕ್ ದರ್ಗಾದ ಉರುಸ್, ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ದತ್ತನ ಉತ್ಸವ, ಊರೂರಿಗೆ ಜಾತ್ರೆ, ಇವೆಲ್ಲಕ್ಕಿಂತ ಮಿಗಿಲಾಗಿ ಮದುವೆಗಳು. ಮೊದಲು ಶೂಟಿಂಗ್ ಇಲ್ಲಿ, ಮಿಕ್ಸಿಂಗ್ ಕಲಬುರಗಿ ಇಲ್ಲವೇ ಸೊಲ್ಲಾಪುರದಲ್ಲಿ ಎಂಬ ಪದ್ಧತಿ ಇತ್ತು. ಈಗ ಆ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಹೆಣ್ಣುಮಕ್ಕಳ ಕಡೆಯ ಫೋಟೊ, ವಿಡಿಯೊ ಹೆಣ್ಣುಮಕ್ಕಳೇ ತೆಗೆದು ಹೆಣ್ಣುಮಕ್ಕಳೇ ಸಿದ್ಧಪಡಿಸಲಿ ಎಂದು ಕೇಳುವ ಕುಟುಂಬಗಳೂ ಇವೆ. ಆದ್ದರಿಂದ ಇಲ್ಲಿ ಕುಳಿತ ತಂಗಿಯರಿಗೂ ಈ ಮಾತು ಅಷ್ಟೇ ಸಂಬಂಧಪಟ್ಟದ್ದು.

ಇದಕ್ಕೆ ಬೇಕಾದ ಕಂಪ್ಯೂಟರ್ ಮಾತ್ರ ಅಗ್ಗದ್ದಲ್ಲ. ತೊಗರಿ ಮಾರಿದ ಹಣವೋ, ತಾಯಿಯ ಕೊರಳಿನ ಬಂಗಾರವೋ ಅದಕ್ಕೆ ಹೋಗುತ್ತದೆ. ನನಗೆ ಗೊತ್ತಿರುವ ಒಬ್ಬ ಹುಡುಗ ಹಾಗೆ ತಂದ ಹಣದಲ್ಲಿ ಬಣ್ಣಬಣ್ಣದ ದೀಪ ಹೊಳೆಯುವ ಯಂತ್ರ ತಂದ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇತ್ತು. ರ‍್ಯಾಮ್ 8 ಜಿಬಿಯ ಒಂದೇ ಪಟ್ಟಿ. ಆಟ ಆಡಿದರೆ ಕುದುರೆಯ ಹಾಗೆ ಓಡುತ್ತಿತ್ತು, ಮದುವೆಯ ವಿಡಿಯೊ ಹಾಕಿದರೆ ನಿಂತು ನಿಂತು ಸಾಗುತ್ತಿತ್ತು. ಹುಡುಗ ತನಗೇ ಕೆಲಸ ಬರುವುದಿಲ್ಲವೆಂದು ತಿಳಿದು ಆರು ತಿಂಗಳು ಕೊರಗಿದ. ತಪ್ಪು ಅವನದಲ್ಲ, ಪಟ್ಟಿ ಬರೆದವರದು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಿಮ್ಮ ಕ್ಯಾಮೆರಾ ಯಾವ ಬಗೆಯ ಫೈಲ್ ಕೊಡುತ್ತದೆ ಎಂದು ನೋಡಿಕೊಳ್ಳಿ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ 1920×1080, ಅಂದರೆ ಸುಮಾರು 20 ಲಕ್ಷ ಚುಕ್ಕೆಗಳಿರುತ್ತವೆ. 4ಕೆ ಚಿತ್ರದಲ್ಲಿ ಅದರ ನಾಲ್ಕು ಪಟ್ಟು. ಸಾಲದ್ದಕ್ಕೆ ಜಾಗ ಉಳಿಸಲು ಕ್ಯಾಮೆರಾ ಅದನ್ನು ಎಚ್.264 ಅಥವಾ ಎಚ್.265 ಪದ್ಧತಿಯಲ್ಲಿ ಹಿಂಡಿ ಇಡುತ್ತದೆ. ಪ್ರತಿ ಚಿತ್ರವನ್ನೂ ಪೂರ್ತಿ ಬರೆಯದೆ, ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತು ಎಂಬುದನ್ನಷ್ಟೇ ಬರೆದುಕೊಳ್ಳುತ್ತದೆ. ನೀವು ನಡುವೆ ಎಲ್ಲಿಯೋ ಕತ್ತರಿ ಹಾಕಿದಾಗ ಕಂಪ್ಯೂಟರ್ ಹಿಂದಕ್ಕೆ ಹೋಗಿ ಪೂರ್ತಿ ಚಿತ್ರವನ್ನು ಹುಡುಕಿ ಮತ್ತೆ ಕಟ್ಟಬೇಕು. ಯಂತ್ರ ತೊದಲುವುದು ಇಲ್ಲಿ.

ಈ ಹಿಂಡಿದ್ದನ್ನು ಬಿಡಿಸುವುದಕ್ಕೆಂದೇ ಪ್ರೊಸೆಸರ್‌ನಲ್ಲಿ ಒಂದು ಭಾಗ ಇರುತ್ತದೆ. ಇಂಟೆಲ್‌ನವರು ಅದನ್ನು ಕ್ವಿಕ್ ಸಿಂಕ್ ಎನ್ನುತ್ತಾರೆ. ಅದು ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲಿದೆ. ಮಾದರಿಯ ಸಂಖ್ಯೆಯ ಕೊನೆಗೆ 'ಎಫ್' ಅಕ್ಷರ ಇದ್ದರೆ ಆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಆ ಹುಡುಗನ ಯಂತ್ರದಲ್ಲಿ ಇದ್ದದ್ದು ಎಫ್. ಅವನ ಕ್ಯಾಮೆರಾ ಕೊಡುತ್ತಿದ್ದದ್ದು 10 ಬಿಟ್, 4:2:2 ಎಚ್.265 ಫೈಲ್. ಇಂಟೆಲ್‌ನ 11ನೇ ಪೀಳಿಗೆಯಿಂದ ಈಚಿನ ಕ್ವಿಕ್ ಸಿಂಕ್ ಅದನ್ನು ಸಲೀಸಾಗಿ ಬಿಡಿಸುತ್ತದೆ. ಎನ್‌ವಿಡಿಯಾ ಕಾರ್ಡುಗಳಿಗೆ ಆ ಶಕ್ತಿ ಬಂದದ್ದು 2025ರ 50 ಸರಣಿಯಲ್ಲಿ. ಎಫ್ ಮಾದರಿಯಿಂದ ಉಳಿಯುವುದು ಚೂರು ಹಣ, ಕಳೆಯುವುದು ದಿನಗಟ್ಟಲೆ ಹೊತ್ತು. ಎಎಮ್‌ಡಿ ರೈಜನ್ ಒಳ್ಳೆಯ ಪ್ರೊಸೆಸರ್, ಫೋಟೊ ಕೆಲಸಕ್ಕೆ ಯಾವ ಕೊರತೆಯೂ ಇಲ್ಲ; ಆದರೆ ಇಂಥ ಫೈಲ್ ಇರುವ ಮದುವೆ ವಿಡಿಯೊದವರಿಗೆ ನಾನು ಇಂಟೆಲ್ ಅನ್ನೇ ಹೇಳುತ್ತೇನೆ. ನಮ್ಮ ಸ್ಟುಡಿಯೊಗಳಲ್ಲಿ ಬಳಕೆಯಲ್ಲಿರುವ ಎಡಿಯಸ್ ತಂತ್ರಾಂಶವೂ ಕ್ವಿಕ್ ಸಿಂಕ್ ಅನ್ನು ಬಳಸಿಕೊಳ್ಳುತ್ತದೆ.

ಹಾಗಾದರೆ ಗ್ರಾಫಿಕ್ಸ್ ಕಾರ್ಡ್ ಬೇಡವೇ? ಆಲ್ಬಂ ಕೆಲಸ ಮಾತ್ರ ಮಾಡುವವರಿಗೆ ಬೇಡ. ಡಾವಿಂಚಿ ರಿಸಾಲ್ವ್‌ನಲ್ಲಿ ಬಣ್ಣ ತಿದ್ದುವವರಿಗೆ ಬೇಕು, ಅದರ ಸ್ವಂತ ಮೆಮೊರಿ 8 ಜಿಬಿ ಇರಲಿ. ಹಣ ಸಾಲದಿದ್ದರೆ ಈ ವರ್ಷ ಕಾರ್ಡ್ ಬಿಡಿ, ಮುಂದಿನ ಸುಗ್ಗಿಯ ದುಡಿಮೆಯಿಂದ ತನ್ನಿ. ಆದರೆ ಮುಂದೆ ಕಾರ್ಡ್ ಹಾಕಲು ಸಾಲುವಷ್ಟು ವ್ಯಾಟ್‌ನ ಪವರ್ ಸಪ್ಲೈಯನ್ನು ಈಗಲೇ ಹಾಕಿಸಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಪವರ್ ಸಪ್ಲೈ ನಂಬಬೇಡಿ. ಅದು ಸುಟ್ಟರೆ ಒಂಟಿಯಾಗಿ ಸುಡುವುದಿಲ್ಲ.

ರ‍್ಯಾಮ್ ಎಷ್ಟಿರಬೇಕು ಎಂದು ಕೇಳುವವರಿಗೆ ಆಲ್ಬಮ್ಮಿನ ಲೆಕ್ಕ ಹೇಳುತ್ತೇನೆ. 12×36 ಅಂಗುಲದ ಕರಿಜ್ಮಾ ಹಾಳೆ, ಅಂಗುಲಕ್ಕೆ 300 ಚುಕ್ಕೆಯಂತೆ 3600×10800, ಅಂದರೆ ಸುಮಾರು 3 ಕೋಟಿ 89 ಲಕ್ಷ ಚುಕ್ಕೆ. ಫೋಟೊಶಾಪ್‌ನಲ್ಲಿ ಇಡೀ ಹಾಳೆ ತುಂಬುವ ಒಂದು ಪದರಕ್ಕೇ ನೂರು ಎಂಬಿಗೂ ಹೆಚ್ಚು. ಹತ್ತಾರು ಪದರ ಹಾಕಿ, ನಾಲ್ಕು ಹಾಳೆ ತೆರೆದಿಟ್ಟು, ಪಕ್ಕದಲ್ಲಿ ಹಾಡನ್ನೂ ಹಚ್ಚುತ್ತೀರಿ! 16 ಜಿಬಿ ಕನಿಷ್ಠ, ವಿಡಿಯೊಕ್ಕೆ 32. ಒಂದೇ ಪಟ್ಟಿಗಿಂತ ಜೋಡಿ ಪಟ್ಟಿ ಲೇಸು. ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಆದ್ದರಿಂದ ಮದರ್‌ಬೋರ್ಡ್ ನೋಡಿಯೇ ಕೊಳ್ಳಿ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಕೆಲವೇ ತಿಂಗಳಲ್ಲಿ ವಿಪರೀತ ಏರಿತು. ಹೀಗಾಗಿ ಹಳೆಯ ದರಪಟ್ಟಿ ಹಿಡಿದು ಹೋಗಬೇಡಿ. ಖಾಲಿ ಜಾಗ ಉಳಿದಿರುವ ಬೋರ್ಡ್ ತೆಗೆದುಕೊಂಡರೆ ಇಂದು 16, ನಾಳೆ 32 ಮಾಡಬಹುದು.

ಇನ್ನು ಡಿಸ್ಕ್. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಬರೆಯುವ 4ಕೆ ಕ್ಯಾಮೆರಾ ಗಂಟೆಗೆ 45 ಜಿಬಿ ತುಂಬುತ್ತದೆ. ಎರಡು ಕ್ಯಾಮೆರಾ, ತಲಾ ಮೂರು ಗಂಟೆ ಎಂದರೆ ಒಂದು ಮದುವೆಗೆ 270 ಜಿಬಿ. ಸುಗ್ಗಿಯಲ್ಲಿ 20 ಮದುವೆ ಹಿಡಿದರೆ ಐದು ಟಿಬಿ ದಾಟಿತು. ಇಷ್ಟನ್ನೂ ಎಸ್‌ಎಸ್‌ಡಿಯಲ್ಲಿ ಇಡಲು ನಮ್ಮಂಥವರಿಂದ ಆಗದು. ವಿಂಡೋಸ್ ಮತ್ತು ನಡೆಯುತ್ತಿರುವ ಕೆಲಸಕ್ಕೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಮುಗಿದ ಕೆಲಸಕ್ಕೆ ದೊಡ್ಡ ಹಾರ್ಡ್ ಡಿಸ್ಕ್, ಅದರ ನಕಲಿಗೆ ಇನ್ನೊಂದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ನಿಯಮವನ್ನು ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಜನಪ್ರಿಯಗೊಳಿಸಿದರು. ಆ ಬೇರೆ ಕಟ್ಟಡ ಎಂದರೆ ಮಾವನ ಮನೆಯ ಕಪಾಟಾದರೂ ಆದೀತು. ನಿಕಾಹ್ ಮತ್ತೊಮ್ಮೆ ಆಗುವುದಿಲ್ಲ. ವಿಡಿಯೊದಲ್ಲಿದ್ದ ಅಜ್ಜ ಮುಂದಿನ ವರ್ಷ ಇರುತ್ತಾರೆಂಬ ಖಾತ್ರಿಯೂ ಇಲ್ಲ.

ಇದೇ ಡಿಸ್ಕಿನ ಬಗ್ಗೆ ಇನ್ನೊಂದು ಮಾತು. ಪರದೆಯೊಳಗಿನ ಹೆಣ್ಣುಮಕ್ಕಳ ಚಿತ್ರಗಳು ನಿಮ್ಮ ಬಳಿ ಇರುವ ಅಮಾನತ್. ಅಳಿಸಿದ ಫೈಲ್ ಹಾರ್ಡ್ ಡಿಸ್ಕಿನಿಂದ ಮತ್ತೆ ತೆಗೆಯಲು ಬರುತ್ತದೆ. ಆದ್ದರಿಂದ ರಿಪೇರಿಗೆ ಕೊಡುವಾಗ ಡಿಸ್ಕ್ ಬಿಚ್ಚಿಟ್ಟುಕೊಂಡು ಡಬ್ಬಿ ಮಾತ್ರ ಕೊಡಿ, ಹಳೆಯ ಡಿಸ್ಕ್ ಮಾರಬೇಡಿ. ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್ ಇದೆ, ವೆರಾಕ್ರಿಪ್ಟ್ ಪುಕ್ಕಟೆ ಸಿಗುತ್ತದೆ. ಬೀಗ ಹಾಕಿಡಿ, ಕೀಲಿಪದವನ್ನು ಮನೆಯ ವಹಿಯಲ್ಲಿ ಬರೆದಿಡಿ.

ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮದುವೆಗಳೂ ಆಗಲೇ. ಮುಂದೆ ಗಾಜು ಇರುವ ಚೆಂದದ ಕ್ಯಾಬಿನೆಟ್ಟಿಗಿಂತ ಜಾಳಿಗೆ ಇರುವುದು ವಾಸಿ. ಬಿಸಿಯಾದ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ, ರಾತ್ರಿಯಿಡೀ ರೆಂಡರ್ ಮುಗಿಯುವುದಿಲ್ಲ. ಎರೆಭೂಮಿಯ ಧೂಳನ್ನು ತಿಂಗಳಿಗೊಮ್ಮೆ ಬ್ಲೋಯರ್‌ನಿಂದ ಹೊಡೆಯಿರಿ. ಕರೆಂಟ್ ಮಾತು ನಿಮಗೆ ಹೇಳಬೇಕಿಲ್ಲ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. ಕಾರ್ಡ್ ಇರುವ ಯಂತ್ರಕ್ಕೆ 1000 ವಿಎಗೆ ಮೇಲಿನದು ಬೇಕು.

ಮಾನಿಟರ್ ಐಪಿಎಸ್ ಇರಲಿ, ಎಸ್‌ಆರ್‌ಜಿಬಿ ಬಣ್ಣಗಳನ್ನು ಪೂರ್ತಿ ತೋರಿಸಲಿ. ಇಲ್ಲವಾದರೆ ಇಲ್ಲಿ ಗೋಧಿಬಣ್ಣ ಕಂಡ ವಧು ಆಲ್ಬಮ್ಮಿನಲ್ಲಿ ಅರಿಸಿನವಾಗುತ್ತಾಳೆ.

ಹಳೆಯ ಆಫೀಸು ಕಂಪ್ಯೂಟರ್ ಅಗ್ಗಕ್ಕೆ ಸಿಗುತ್ತದಲ್ಲ ಎಂದು ಒಬ್ಬರು ಕೇಳಿದರು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ 8ನೇ ಪೀಳಿಗೆಗಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಹೊಂದುವುದಿಲ್ಲ. ಅದಕ್ಕಿಂತ ಈಚಿನದಾದರೆ ಎಸ್‌ಎಸ್‌ಡಿ, ರ‍್ಯಾಮ್ ಹಾಕಿಸಿ ಕಲಿಯಿರಿ. ಪ್ರೀಮಿಯರ್, ರಿಸಾಲ್ವ್ ಎರಡರಲ್ಲೂ ಪ್ರಾಕ್ಸಿ ಎಂಬ ಅನುಕೂಲ ಇದೆ: ಸಣ್ಣ ನಕಲಿನ ಮೇಲೆ ಕತ್ತರಿಸಿ, ಕೊನೆಗೆ ಮೂಲ ಫೈಲಿನಿಂದ ಹೊರತೆಗೆಯುವುದು. ಬಡ್ಡಿಯ ಕಂತಿಗೆ ಬೀಳುವ ಮೊದಲು ಒಂದು ಸುಗ್ಗಿ ಹೀಗೆ ತಳ್ಳಬಹುದು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆಯನ್ನೂ ವಿಚಾರಿಸಿ.

ಕೊಳ್ಳುವುದು ಕಲಬುರಗಿಯಲ್ಲೋ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲೋ, ನಿಮ್ಮ ಇಷ್ಟ. ಹೈದರಾಬಾದಿನ ಕಡೆ ದರ ಕಡಿಮೆ ಸಿಕ್ಕರೂ ಹೋಗಿಬರುವ ಖರ್ಚು, ವಾರಂಟಿಗೆ ಮತ್ತೆ ಹೋಗುವ ಖರ್ಚು ಕೂಡಿಸಿ ನೋಡಿ. ಪ್ರತಿ ಭಾಗದ ಸರಣಿ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಹಣ ಕೊಡಬೇಡಿ. ನಿಮ್ಮ ಕ್ಯಾಮೆರಾದ್ದೇ ಒಂದು ವಿಡಿಯೊವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಅಂಗಡಿಯಲ್ಲೇ ಹಾಕಿಸಿ, ಹಿಂದೆ ಮುಂದೆ ಎಳೆದು ನೋಡಿ. ಕನ್ನಡ, ಉರ್ದು ಅಕ್ಷರಗಳು ಫೋಟೊಶಾಪ್‌ನಲ್ಲಿ ಒಡೆದು ಕಂಡರೆ ಯಂತ್ರವನ್ನು ದೂರಬೇಡಿ. ಹಳೆಯ ಆವೃತ್ತಿಯಾದರೆ ಟೈಪ್ ಆಯ್ಕೆಗಳಲ್ಲಿ 'ವರ್ಲ್ಡ್ ರೆಡಿ' ಎಂಬುದನ್ನು ಹಚ್ಚಿ ಫೋಟೊಶಾಪ್ ಮತ್ತೆ ತೆರೆಯಿರಿ.

ನಿಮ್ಮಲ್ಲಿ ಯಾರಾದರೂ ಅಂಗಡಿಯವರು ಬರೆದುಕೊಟ್ಟ ಪಟ್ಟಿ ತಂದಿದ್ದರೆ ಮುಂದಕ್ಕೆ ಕೊಡಿ, ಒಂದೊಂದಾಗಿ ಓದೋಣ.