ಮಳೆ ಬಂದ ಮೇಲೆ ಕಂಡ ಮನೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೆಯ ಮನೆಯನ್ನು ಮಾರಾಟಕ್ಕೆಂದು ತೋರಿಸುವ ಕಾಲ ಯಾವುದು ಬಲ್ಲಿರಾ? ಕೊನೆಕೊಯ್ಲು ಮುಗಿದು, ದಾರಿ ಒಣಗಿದ ಮಾಘ, ಫಾಲ್ಗುಣ. ಆಗ ಯಾವ ಮನೆಯೂ ಚೆಂದವೇ. ಅಂಗಳ ಸಾರಿಸಿದೆ, ಗೋಡೆಗೆ ಸುಣ್ಣ ಬಳಿದಿದೆ, ಜಗಲಿಯಲ್ಲಿ ಚಾಪೆ ಹಾಸಿ ಬೆಲ್ಲ, ನೀರು ಕೊಡುತ್ತಾರೆ. ನೋಡಲು ಹೋದವನು ಮಾಡಿನತ್ತ ಕಣ್ಣೆತ್ತುವುದೇ ಇಲ್ಲ.

ನಮ್ಮ ಷಡ್ಡಕರು ಕೊಂಡದ್ದೂ ಹೀಗೆಯೇ. ಶಾಲಾ ಮಾಸ್ತರರು, ನಿವೃತ್ತಿಯ ಹಣವನ್ನೆಲ್ಲ ಸುರಿದು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಣ್ಣುಗೋಡೆಯ ಹೆಂಚಿನ ಮನೆಯನ್ನೂ ಅರ್ಧ ಎಕರೆ ತೋಟವನ್ನೂ ತೆಗೆದುಕೊಂಡರು. ಆರ್ದ್ರಾ ಮಳೆ ಹಿಡಿದ ಮೂರನೆಯ ದಿನ ದೇವರ ಕೋಣೆಯ ಹೊಸ ಸುಣ್ಣ ಹಪ್ಪಳದಂತೆ ಏಳತೊಡಗಿತು. ಅದರ ಹಿಂದೆ ಒರಲೆಯ ಮಣ್ಣಿನ ಗೆರೆ, ತೊಲೆಯವರೆಗೆ. ತೊಲೆಯನ್ನು ತಟ್ಟಿದರೆ ಒಳಗೆಲ್ಲ ಟೊಳ್ಳು. ಮೇಲೆ ಮಾತ್ರ ಗೇರೆಣ್ಣೆಯ ಹೊಳಪು. ಅಡುಗೆಮನೆಯ ನೆಲದಿಂದ ಒರತೆ ಎದ್ದಿತು. ಅವರ ಮನೆಯವರು ಆ ಮಳೆಗಾಲವೆಲ್ಲ ಮಣೆಯ ಮೇಲೆ ನಿಂತು ಅಡುಗೆ ಮಾಡಿದರು.

ಇನ್ನೊಂದು ಪೆಟ್ಟು ಕಾಗದಪತ್ರದ್ದು. ಕೊಟ್ಟಿಗೆ, ಬಚ್ಚಲು ಎರಡೂ ಬೆಟ್ಟದಲ್ಲಿ ನಿಂತಿದ್ದವು. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟಿರುವುದು ನಿಮಗೆ ತಿಳಿದದ್ದೇ. ಅದು ಸೊಪ್ಪು, ದರಕು ತರುವ ಸವಲತ್ತು. ನೆಲ ಸರಕಾರದ್ದು, ಮಾರಲು ಬಾರದು. ತಲೆಮಾರುಗಳಿಂದ ಅನುಭವಿಸಿದವರಿಗೆ ಆ ಗಡಿ ಮರೆತೇ ಹೋಗಿರುತ್ತದೆ. ಹಾಗಾಗಿ ಮಾರುವವರೆಲ್ಲ ಮೋಸಗಾರರೆಂದು ನಾನು ಹೇಳಲಾರೆ. ಆದರೆ ಸುಣ್ಣ ಬಳಿಸಿದವರಿಗೆ ಒರಲೆ ಗೊತ್ತಿತ್ತು.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಇಂಥ ಸಂದರ್ಭಕ್ಕೇ ಇದೆ. ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಧಾರಣ ಎಚ್ಚರದಿಂದ ಕಾಣಸಿಗದ ಮುಖ್ಯ ದೋಷವನ್ನು, ಅದು ಸ್ವತ್ತಿನದಾಗಲಿ ಹಕ್ಕಿನದಾಗಲಿ, ಮಾರುವವನು ತಿಳಿಸಲೇಬೇಕು. ಮುಚ್ಚಿಟ್ಟರೆ ವಂಚನೆ. ತೊಡಕಿರುವುದು ‘ಸಾಧಾರಣ ಎಚ್ಚರ’ ಎಂಬ ಮಾತಿನಲ್ಲಿ. ಒಡೆದ ಹೆಂಚು ನಿಮಗೆ ಕಾಣಬೇಕಿತ್ತು. ಎಣ್ಣೆ ಹಚ್ಚಿದ ಟೊಳ್ಳು ತೊಲೆ ಕಾಣುವಂಥದಲ್ಲ. ಬೆಟ್ಟದ ಸಂಗತಿ ಪಹಣಿ, ನಕಾಶೆ ತೆಗೆಸಿ ಅಳೆಸಿದ್ದರೆ ತಿಳಿಯುತ್ತಿತ್ತಲ್ಲ ಎಂದು ಎದುರು ಪಕ್ಷದ ವಕೀಲರು ಕೇಳಿಯೇ ಕೇಳುತ್ತಾರೆ.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಯಾರೂ ಅಷ್ಟಾಗಿ ಗಮನಿಸದ್ದು. ಸ್ವತ್ತಿನ ಬಗ್ಗೆ ಕೊಳ್ಳುವವನು ಕೇಳಿದ ಸಂಬಂಧಪಟ್ಟ ಪ್ರಶ್ನೆಗಳಿಗೆ ಮಾರುವವನು ತನಗೆ ತಿಳಿದ ಮಟ್ಟಿಗೆ ಉತ್ತರಿಸಬೇಕು. ಆದುದರಿಂದ ಕೇಳಿರಿ, ಬರಹದಲ್ಲೇ ಕೇಳಿರಿ. ಮಾಡು ಎಲ್ಲಿ ಸೋರುತ್ತದೆ? ಒರಲೆ ಇದೆಯೇ? ಬಾವಿಯಲ್ಲಿ ಮೇ ತಿಂಗಳಿಗೆ ಎಷ್ಟು ನೀರು ಉಳಿಯುತ್ತದೆ? ಮನೆಯ ಹಿಂದಿನ ಧರೆ ಎಂದಾದರೂ ಬಿರಿದಿತ್ತೇ? 2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದುದನ್ನು ನೆನೆದರೆ ಈ ಕೊನೆಯ ಪ್ರಶ್ನೆ ಅತಿಯೆನಿಸದು. ಮಾರುವವರು ನೆಂಟರೋ ಪರಿಚಯದವರೋ ಆಗಿರುತ್ತಾರೆ, ಕೇಳುವುದು ಹೇಗೆ ಎನ್ನುವಿರಿ. ನಮ್ಮ ಷಡ್ಡಕರೂ ಅದನ್ನೇ ಅಂದಿದ್ದರು.

ದೋಷ ಕಂಡೊಡನೆ ರಿಪೇರಿಗೆ ಕೈಹಾಕದೆ ಮೊದಲು ಫೋಟೋ ತೆಗೆಸಿ, ಬಡಗಿಯಿಂದ ಬರೆಸಿಕೊಳ್ಳಿರಿ. 1963ರ ಅವಧಿ ಕಾಯಿದೆಯಂತೆ ಇಂಥ ದಾವೆಗೆ ಸಾಮಾನ್ಯವಾಗಿ 3 ವರ್ಷ. ವಂಚನೆಯಾಗಿದ್ದರೆ ಎಣಿಕೆ ಅದು ತಿಳಿದ ದಿನದಿಂದ, ಇಲ್ಲವೆ ಎಚ್ಚರದಿಂದಿದ್ದರೆ ತಿಳಿಯಬಹುದಾಗಿದ್ದ ದಿನದಿಂದ.

ಷಡ್ಡಕರಿಗೆ ಸಾಕ್ಷಿ ಸಿಕ್ಕಿದ್ದು ತೊಲೆಗೆ ಎಣ್ಣೆ ಹಚ್ಚಿದ ಆಳಿನಿಂದಲೇ. “ಹುಳ ಬಿದ್ದಿದ್ದು ಹೌದು ಮಾಸ್ತರ್ರೇ. ಕಾಣದ ಹಾಗೆ ಹಚ್ಚು ಅಂದಿದ್ರು” ಎಂದ. ವಕೀಲರ ನೋಟೀಸು ಹೋದ ಮೇಲೆ ಮಾರಿದವರು ಮಾಡಿನ ಮರದ ಖರ್ಚಿನಲ್ಲಿ ಅರ್ಧ ಕೊಟ್ಟರು. ಕೊಟ್ಟಿಗೆ ಮಾತ್ರ ಇಂದಿಗೂ ಬೆಟ್ಟದಲ್ಲೇ ಇದೆ. ರಸ್ತೆಯಲ್ಲಿ ಜೀಪಿನ ಸದ್ದಾದರೆ ಮಾಸ್ತರರು ಓದುತ್ತಿದ್ದ ಪೇಪರು ಮಡಿಸಿ ಜಗಲಿಗೆ ಬಂದು ನಿಲ್ಲುತ್ತಾರೆ.