ಬೆಕ್ಕುಗಳ ಪಂಕ್ತಿಭೋಜನ

ಬೆಕ್ಕಿಗೆ ಸಂಸ್ಕೃತದಲ್ಲಿ ಹಲವು ಹೆಸರುಗಳಿವೆ. ಮಾರ್ಜಾರ ಎಂಬುದು ಎಲ್ಲರೂ ಬಲ್ಲದ್ದು. ಸದಾ ಮೈ ನೆಕ್ಕಿ ಒರೆಸಿಕೊಳ್ಳುವ ಪ್ರಾಣಿಯಾದ್ದರಿಂದ ಆ ಹೆಸರು ಎನ್ನುತ್ತಾರೆ. ಅಷ್ಟಾಗಿ ಬಳಕೆಯಲ್ಲಿಲ್ಲದ ಇನ್ನೊಂದು ಹೆಸರು ಆಖುಭುಕ್. ಆಖು ಎಂದರೆ ಇಲಿ. ಇಲಿಯನ್ನು ತಿನ್ನುವಂಥದು ಎಂದರ್ಥ. ಇಪ್ಪತ್ತೈದು ವರ್ಷ ತರಗತಿಯಲ್ಲಿ ಇಂಥ ಶಬ್ದಗಳನ್ನು ಬಿಡಿಸಿ ಹೇಳಿದ ನಾನು, ಮನೆಯಲ್ಲಿ ಮಾತ್ರ ಈ ಎರಡನೆಯ ಹೆಸರನ್ನು ಮರೆತು, ಬೆಕ್ಕುಗಳಿಗೆ ಹಾಲನ್ನ ಮೊಸರನ್ನಗಳನ್ನು ಹಾಕಿಕೊಂಡು ಬಂದೆ. ಅದೂ ದೊಡ್ಡದು ಚಿಕ್ಕದು ಎನ್ನದೆ ಎಲ್ಲಕ್ಕೂ ಒಂದೇ ತಟ್ಟೆಯಲ್ಲಿ. ಅದರ ಫಲವೇನಾಯಿತೆಂಬುದನ್ನು ಈ ಹೊತ್ತು ತಮ್ಮ ಮುಂದೆ ಒಪ್ಪಿಸುತ್ತೇನೆ.

ನಮ್ಮ ಮನೆಯಲ್ಲಿ 11 ವರ್ಷದ ಗಂಡು ಬೆಕ್ಕೊಂದಿದೆ. ಮೈಯೆಲ್ಲ ಕಪ್ಪಾದ್ದರಿಂದ ಕರಿಯ. ಗೌರಿ ಎಂಬ ಹೆಣ್ಣು ಬೆಕ್ಕು ಒಂದು ಮಳೆಗಾಲದಲ್ಲಿ ತಾನಾಗಿ ಬಂದು ಸೇರಿಕೊಂಡಿತು. ಅದರ ಮೊದಲ ಸೂಲಿನಲ್ಲಿ ಮೂರು ಮರಿಗಳಾದವು. ಎರಡನ್ನು ಬೇಕಾದವರು ಒಯ್ದರು. ಒಂದು ಎರಡು ತಿಂಗಳು ತುಂಬುವ ಮೊದಲೇ ಸತ್ತುಹೋಯಿತು. ‘ಅದು ಮೊದಲಿನಿಂದಲೂ ನರಪೇತಲ, ಉಳಿಯುವ ಜೀವವಲ್ಲ’ ಎಂದು ನಾನು ತೀರ್ಪು ಕೊಟ್ಟೆ. ಹಿತ್ತಲ ದಾಸವಾಳದ ಬುಡದಲ್ಲಿ ಅದನ್ನು ಹೂಳಿದೆವು.

ಮರುವರ್ಷ ಮತ್ತೆ ಮೂರು ಮರಿ. ಇವೂ ತಟ್ಟೆಗೆ ಬರತೊಡಗಿದವು. ಹಿತ್ತಲ ಜಗಲಿಯ ಮೇಲೆ ಐದು ತಲೆಗಳು ಒಂದೇ ತಟ್ಟೆಯ ಸುತ್ತ ಕೂಡಿದ್ದನ್ನು ಕಂಡು, ಎಂಥ ಸಹಪಂಕ್ತಿ, ಮನುಷ್ಯರಲ್ಲಿ ಇಲ್ಲದ ಸಮತೆ ಇವುಗಳಲ್ಲಿದೆ ಎಂದು ನಾನು ಹಿಗ್ಗುತ್ತಿದ್ದೆ. ಒಂದು ದಿನ ನಮ್ಮ ಮನೆಯಾಕೆ ಕೇಳಿದಳು: ‘ಏನಂದ್ರೆ, ತಟ್ಟೆ ಖಾಲಿಯಾಗೋದನ್ನ ದಿನಾ ನೋಡ್ತೀರಲ್ಲ, ಖಾಲಿ ಮಾಡೋರು ಯಾರು ಅಂತ ನೋಡಿದ್ದೀರಾ?’

ನೋಡಿರಲಿಲ್ಲ. ಅಂದು ಕುಳಿತು ನೋಡಿದೆ. ಕರಿಯ ಯಾರನ್ನೂ ಗದರಲಿಲ್ಲ, ಪಂಜ ಎತ್ತಲಿಲ್ಲ. ಸುಮ್ಮನೆ ಬಂದು ಹೆಗಲನ್ನು ತಟ್ಟೆಗೆ ಅಡ್ಡ ಕೊಟ್ಟು ನಿಂತಿತು, ಅಷ್ಟೆ. ಎರಡು ಮರಿಗಳು ಅದರ ಕಾಲ ಸಂದಿನಲ್ಲಿ ನುಸುಳಿ ತಿಂದವು. ಮೂರನೆಯದು, ಬೂದು ಬಣ್ಣದ್ದು, ಎರಡು ಮಾರು ದೂರದಲ್ಲಿ ಕುಳಿತು ಬೇರೆಲ್ಲೋ ನೋಡುತ್ತಿತ್ತು. ಹಸಿವೇ ಇಲ್ಲದಂತೆ ತೋರುವ ಆ ನೋಟ ನನ್ನನ್ನು ಎಷ್ಟು ದಿನ ಮೋಸಗೊಳಿಸಿತ್ತೋ! ಎಲ್ಲವೂ ಎದ್ದುಹೋದ ಮೇಲೆ ಅದು ಬಂದು ಬರಿಯ ತಟ್ಟೆಯನ್ನು ನೆಕ್ಕಿತು. ಅಡುಗೆಮನೆಯ ತೂಕದ ಯಂತ್ರದ ಮೇಲೆ ಮರಿಗಳನ್ನು ಕೂರಿಸಿದೆವು. ಎರಡು, 800 ಗ್ರಾಂನ ಆಸುಪಾಸು. ಬೂದು ಮರಿ 480.

ಪಶುವೈದ್ಯರು ಅದನ್ನು ಅಂಗೈ ಮೇಲಿಟ್ಟುಕೊಂಡು, ‘ಇದಕ್ಕೆ ರೋಗವಿಲ್ಲ, ಊಟವಿಲ್ಲ’ ಎಂದರು. ಆಗ ನನಗೆ ದಾಸವಾಳದ ಗಿಡ ನೆನಪಾಯಿತು.

ಆ ವೈದ್ಯರಿಂದಲೂ ಆಮೇಲಿನ ಓದಿನಿಂದಲೂ ನಾನು ಕಲಿತದ್ದು ಇಷ್ಟು. ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಮರಿ ಎರಡು ತಿಂಗಳಿಗೆ ಅದರ ಏಳೆಂಟು ಪಟ್ಟಾಗಬೇಕು. ನಾಲ್ಕನೆಯ ವಾರದ ಹೊತ್ತಿಗೆ ಮೆತ್ತನೆಯ ಆಹಾರಕ್ಕೆ ಬಾಯಿ ಹಾಕುತ್ತದೆ; ಎಂಟನೆಯ ವಾರಕ್ಕೆ ತಾಯಿಯ ಹಾಲು ಬಹುಮಟ್ಟಿಗೆ ಬಿಡುತ್ತದೆ. ಆ ವಯಸ್ಸಿನಲ್ಲಿ, ಮೈತೂಕಕ್ಕೆ ಹೋಲಿಸಿದರೆ, ದೊಡ್ಡ ಬೆಕ್ಕಿಗೆ ಬೇಕಾದುದರ ಎರಡು ಪಟ್ಟಿಗೂ ಮಿಗಿಲಾದ ಆಹಾರ ಅದಕ್ಕೆ ಬೇಕು. ಹೊಟ್ಟೆಯೋ ಚಿಕ್ಕದು. ಆದ್ದರಿಂದ ಆರು ತಿಂಗಳವರೆಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ದೊಡ್ಡದಕ್ಕೆ ಎರಡು ಸಲ ಸಾಕು.

ಇನ್ನು ಹಾಲಿನ ವಿಷಯ. ಬೆಕ್ಕಿಗೂ ಹಾಲಿಗೂ ನಾವು ಎಷ್ಟು ಗಂಟು ಹಾಕಿದ್ದೇವೆಂದರೆ, ಗಾದೆಗಳಲ್ಲಿ ಅದು ಕಣ್ಣು ಮುಚ್ಚಿಯೂ ಹಾಲನ್ನೇ ಕುಡಿಯುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿದ್ದೇ ಒಂದು ಕತೆಯಾಯಿತು. ವಾಸ್ತವದಲ್ಲಿ ಹಸುವಿನ ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ಮೊಲೆ ಬಿಟ್ಟ ಬೆಕ್ಕುಗಳಲ್ಲಿ ಕುಂದುತ್ತದೆ, ಹಲವಕ್ಕೆ ಭೇದಿಯಾಗುತ್ತದೆ. ಅಲ್ಲದೆ ತಾಯಿಬೆಕ್ಕಿನ ಹಾಲಿನಲ್ಲಿರುವಷ್ಟು ಸಸಾರಜನಕ ಹಸುವಿನ ಹಾಲಿನಲ್ಲಿ ಇಲ್ಲ. ತೆನಾಲಿಯವನ ಬೆಕ್ಕು ಬುದ್ಧಿವಂತ ಬೆಕ್ಕೇ ಇರಬೇಕು.

ಅನ್ನವಂತೂ ಹೊಟ್ಟೆ ತುಂಬಿಸುತ್ತದೆ, ಮೈ ಬೆಳೆಸುವುದಿಲ್ಲ. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಒಂದು ವಸ್ತು ಮಾಂಸದಲ್ಲಿಯೂ ಮೀನಿನಲ್ಲಿಯೂ ಉಂಟು, ಧಾನ್ಯದಲ್ಲಿ ಇಲ್ಲ. ಬೆಕ್ಕಿನ ಮೈ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. 1827ರಲ್ಲಿ ಎತ್ತಿನ ಪಿತ್ತರಸದಿಂದ ಮೊದಲು ಬೇರ್ಪಡಿಸಿದ್ದರಿಂದ ಲ್ಯಾಟಿನ್ ಭಾಷೆಯಲ್ಲಿ ಗೂಳಿಗಿರುವ ಹೆಸರೇ ಅದಕ್ಕೆ ಬಂತು. ಶಬ್ದದ ಹುಚ್ಚಿನವನಾದ ನಾನು ಇದನ್ನು ಹೇಳದೆ ಇರಲಾರೆ. ಇದರ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ಕೆಡುತ್ತದೆಂದು 1975ರಲ್ಲಿಯೂ, ಹೃದಯ ಸಡಿಲಿ ಸೋಲುತ್ತದೆಂದು 1987ರಲ್ಲಿಯೂ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ನಮ್ಮ ಹಿರಿಯರ ಮನೆಗಳ ಬೆಕ್ಕುಗಳು ಮೊಸರನ್ನದಲ್ಲೇ ಬಾಳಲಿಲ್ಲವೇ ಎಂದು ಕೇಳಬಹುದು. ಅವು ಬಾಳಿದ್ದು ಅಟ್ಟದ ಮೇಲಿನ ಇಲಿಗಳಿಂದ. ನಮ್ಮ ತಾರಸಿ ಮನೆಯಲ್ಲಿ ಅಟ್ಟವೂ ಇಲ್ಲ, ಇಲಿಯೂ ಇಲ್ಲ.

ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಈ ಸಂಕಟವನ್ನು ನಾನು ಎರಡು ದಿನ ಶಾಸ್ತ್ರೋಕ್ತವಾಗಿ ಯೋಚಿಸುತ್ತಿರುವಾಗಲೇ ಮನೆಯಾಕೆ ಅಂಗಡಿಯಿಂದ ಮರಿಗಳ ಪೊಟ್ಟಣದ ಆಹಾರ ತರಿಸಿ, ಅದಕ್ಕೊಂದು ಬೇರೆ ಚಮಚ, ಬೇರೆ ಬಟ್ಟಲುಗಳನ್ನು ಗೊತ್ತುಮಾಡಿ, ಹಿತ್ತಲ ಜಗಲಿಯ ಗೂಡಿನಲ್ಲಿ ಇಟ್ಟುಬಿಟ್ಟಿದ್ದಳು. ‘ಸಾಕಿಕೊಂಡ ಮೇಲೆ ಅದರ ಧರ್ಮ ಅದಕ್ಕೆ’ ಎಂದಳು. ಉಳಿದ ಹುಳಿ ಸಾರುಗಳನ್ನು ಹಾಕುವುದೂ ಅಂದಿಗೆ ನಿಂತಿತು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆಂದು ವೈದ್ಯರು ಎಚ್ಚರಿಸಿದ್ದರು.

ಆದರೆ ಆಹಾರ ಸರಿಯಾದ ಮಾತ್ರಕ್ಕೆ ಪಂಕ್ತಿ ಸರಿಯಾಗಲಿಲ್ಲ. ಮರಿಗಳ ಆಹಾರದಲ್ಲಿ ಕೊಬ್ಬು, ಸಸಾರಜನಕ ಹೆಚ್ಚು, ರುಚಿಯೂ ಹೆಚ್ಚೆಂದು ಕಾಣುತ್ತದೆ. ಹಾಲೂಡುವ ಗೌರಿಗೆ ಅದು ಒಪ್ಪುತ್ತದೆ. ಬಾಣಂತಿಗೂ ಕೂಸಿಗೂ ಒಂದೇ ಪಥ್ಯ. ಕರಿಯನಿಗೆ ಮಾತ್ರ ಅದು ವಿಷಮವೇ ಸರಿ. ಶಸ್ತ್ರಚಿಕಿತ್ಸೆಯಾದ, ಓಡಾಟ ಕಡಿಮೆಯಾದ ಮುದಿ ಬೆಕ್ಕು ಅದನ್ನು ತಿಂದರೆ ಬೊಜ್ಜು ಬೆಳೆಯುತ್ತದೆ. ಮೂತ್ರಪಿಂಡ ಸೋತ ಬೆಕ್ಕಾದರೆ ಅಪಾಯ ಇನ್ನೂ ಹೆಚ್ಚು. ಹಾಗೆಂದು ಬೊಜ್ಜು ಇಳಿಸಲು ಉಪವಾಸ ಕೆಡವಲೂ ಆಗದು. ದಪ್ಪ ಬೆಕ್ಕು ಕೆಲವು ದಿನ ತಿನ್ನದೇ ಹೋದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಸಾಯುವುದುಂಟು. ನಮ್ಮ ಏಕಾದಶಿ ಅದಕ್ಕಲ್ಲ.

ಬೆಕ್ಕು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಪ್ರಾಣಿ. ಒಂದೇ ತಟ್ಟೆಯ ಸುತ್ತ ನಾನು ಕಂಡದ್ದು ಸಮತೆಯಲ್ಲ, ಸದ್ದಿಲ್ಲದ ಕಿತ್ತಾಟ. ಆದ್ದರಿಂದ ಕರಿಯನ ಬಟ್ಟಲನ್ನು ಮರಿಗಳು ಹತ್ತಲಾಗದ ಕಿಟಕಿಯ ಕಟ್ಟೆಯ ಮೇಲೇರಿಸಿದೆವು. ಹಳೆಯ ಮರದ ಪೆಟ್ಟಿಗೆಯೊಂದಕ್ಕೆ ಬಡಗಿಯಿಂದ ಮೂರಂಗುಲದ ಬಾಗಿಲು ಕೊರೆಸಿ, ಒಳಗೆ ಒಂದೊಂದು ಮೂಲೆಗೆ ಒಂದರಂತೆ ಮರಿಗಳ ಬಟ್ಟಲುಗಳನ್ನಿಟ್ಟೆವು. ನೀರು ಬೇರೆಡೆ. ಅರ್ಧ ಗಂಟೆಯ ಮೇಲೆ ಉಳಿದದ್ದನ್ನು ತೆಗೆದುಬಿಡುವುದು. ಮೊದಲ ದಿನ ಕರಿಯ ಪೆಟ್ಟಿಗೆಯ ಬಾಗಿಲಿಗೆ ಮೂತಿ ತೂರಿಸಿ, ಕಿವಿಯಿಂದಾಚೆಗೆ ಹೋಗಲಾರದೆ, ನನ್ನ ಕಡೆ ತಿರುಗಿ ನೋಡಿದ ನೋಟವನ್ನು ವರ್ಣಿಸಲಾರೆ. ಪ್ರತಿ ಭಾನುವಾರ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತ ಬಂದೆವು. ಮರಿಯ ತೂಕ ಒಂದು ವಾರ ಏರದೆ ನಿಂತರೂ ವೈದ್ಯರಲ್ಲಿಗೆ ಒಯ್ಯಬೇಕು. ಕಣ್ಣಂದಾಜು ಸಾಲದೆಂಬುದಕ್ಕೆ ನಾನೇ ಸಾಕ್ಷಿ.

ಬೂದು ಮರಿ ಮೊದಲ ವಾರ 60 ಗ್ರಾಂ ಏರಿತು, ಮರುವಾರ 110. ಉಳಿದೆರಡನ್ನು ಬೇಕಾದವರು ಒಯ್ದರು. ಇದನ್ನು ಕೊಡಲು ಮನೆಯಾಕೆ ಒಪ್ಪಲಿಲ್ಲ. ಈಗ ಅದಕ್ಕೆ ಐದು ತಿಂಗಳು. ಹೋದ ವಾರ ಪೆಟ್ಟಿಗೆಯ ಬಾಗಿಲಿನಲ್ಲಿ ಅದರ ಹೊಟ್ಟೆ ಸಿಕ್ಕಿಕೊಂಡಿತು. ಬಾಗಿಲನ್ನು ಒಂದಂಗುಲ ಹಿಗ್ಗಿಸಬೇಕು. ಹಿಗ್ಗಿಸಿದರೆ ಗೌರಿ ನುಗ್ಗುತ್ತದೆ, ಅದಕ್ಕೀಗ ಮರಿಗಳ ಪಥ್ಯ ಬೇಡ, ಶಸ್ತ್ರಚಿಕಿತ್ಸೆಯೂ ಆಗಿದೆ. ಬಡಗಿ ನಾಳೆ ಬರುತ್ತೇನೆಂದಿದ್ದಾನೆ. ಎಷ್ಟು ಕೊರೆಯಬೇಕೆಂದು ನಾವಿನ್ನೂ ತೀರ್ಮಾನಿಸಿಲ್ಲ.